ನೋಡೋಕೆ ಒಂದು ಊರು, ಇರೋಕೆ ಪಕ್ಕದ ಊರು: ಸೇಂಟ್ ಎಮಿಲಿಯೋನ್ ಪ್ರಕರಣ

ಫ್ರಾನ್ಸಿನ ನೈಋತ್ಯ ಮೂಲೆಯಲ್ಲಿ ಬೋರ್ಡೋ ನಗರ. ಅಲ್ಲಿಂದ ಪೂರ್ವಕ್ಕೆ ಸುಮಾರು 40 ಕಿಲೋಮೀಟರ್ ಹೋದರೆ ಸೇಂಟ್ ಎಮಿಲಿಯೋನ್ ಅನ್ನುವ ವೈನ್ ಊರು ಸಿಗುತ್ತದೆ. ಊರಿನ ಜನಸಂಖ್ಯೆ ಎರಡು ಸಾವಿರವನ್ನೂ ಮುಟ್ಟುವುದಿಲ್ಲ. ವರ್ಷಕ್ಕೆ ಬರುವ ಪ್ರವಾಸಿಗರು ಮಾತ್ರ ಸುಮಾರು 10 ಲಕ್ಷ. ಕೋಟೆ ಗೋಡೆಯೊಳಗಿನ ಹಳೇ ಊರಲ್ಲಿ ವರ್ಷವಿಡೀ ವಾಸ ಇರುವವರು ಕೆಲವೇ ನೂರು ಮಂದಿ. ಜುಲೈ ಮಧ್ಯಾಹ್ನ ಆ ಗಲ್ಲಿಗಳಲ್ಲಿ ಹೆಗಲಿಗೆ ಹೆಗಲು ತಾಗುತ್ತದೆ. ಜನವರಿಯಲ್ಲಿ ಅರ್ಧಕ್ಕರ್ಧ ಅಂಗಡಿಗಳ ಬಾಗಿಲು ಮುಚ್ಚಿರುತ್ತದೆ.

ವೈನ್ ಸೀಮೆಯ ಆಕರ್ಷಣೆ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಪ್ರವಾಸಿಗನನ್ನೂ ಮನೆ ಕೊಳ್ಳುವವನನ್ನೂ ಒಂದೇ ಗಾಡಿಗೆ ಹತ್ತಿಸುತ್ತಾರೆ. ಊರು ಚೆನ್ನಾಗಿದೆ, ಊಟ ಚೆನ್ನಾಗಿದೆ, ಆದ್ದರಿಂದ ಮನೆ ತಗೊಳ್ಳಿ ಅನ್ನುವ ಧಾಟಿ. ಈ ಊರನ್ನು ಹತ್ತಿರದಿಂದ ನೋಡಿದರೆ ಆ ಧಾಟಿ ಕೂಡಿಬರುವುದಿಲ್ಲ. ಇಬ್ಬರನ್ನೂ ಸೆಳೆಯುವುದು ಒಂದೇ ನೋಟ, ನಿಜ. ಆದರೆ ಅದನ್ನು ಹಾಗೇ ಉಳಿಸಿಕೊಳ್ಳಲು ಮಾಡಿರುವ ಏರ್ಪಾಡಿನ ಲಾಭ ಪೂರ್ತಿ ಸಿಗುವುದು ನೋಡಲು ಬಂದವನಿಗೆ. ಕೊಳ್ಳಲು ಬಂದವನಿಗೆ ಅದರ ಬಿಲ್ ಸಿಗುತ್ತದೆ.

ಕನ್ನಡದವರಿಗೆ ಈ ಸೀಮೆಯ ಜೊತೆ ಒಂದು ಸಣ್ಣ ನಂಟೂ ಇದೆ. ನಂದಿ ಬೆಟ್ಟದ ತಪ್ಪಲಲ್ಲಿರುವ ಗ್ರೋವರ್ ವೈನರಿಗೆ 1990ರ ದಶಕದಲ್ಲಿ ಸಲಹೆ ಕೊಡಲು ಶುರು ಮಾಡಿದ ಮಿಶೆಲ್ ರೋಲಾಂ ಹುಟ್ಟಿದ್ದು ಇಲ್ಲೇ ಪಕ್ಕದ ಲಿಬೋರ್ನ್‌ನಲ್ಲಿ. ಅವರ ಮನೆತನದ ತೋಟ ಇದ್ದದ್ದು ಪೊಮೆರೋಲ್‌ನಲ್ಲಿ, ಅಂದರೆ ಸೇಂಟ್ ಎಮಿಲಿಯೋನ್‌ನ ಬೇಲಿಯಾಚೆ.

ಊರು ನಿಂತಿರುವುದು ಖಾಲಿ ಜಾಗದ ಮೇಲೆ

ಎಂಟನೇ ಶತಮಾನದಲ್ಲಿ ಫ್ರಾನ್ಸಿನ ವಾಯವ್ಯ ತುದಿಯ ಬ್ರಿಟನಿ ಕಡೆಯಿಂದ ಎಮಿಲಿಯೋನ್ ಅನ್ನುವ ಸನ್ಯಾಸಿ ಬಂದು ಇಲ್ಲಿನ ಗುಹೆಯೊಂದರಲ್ಲಿ ನೆಲೆಸಿದ ಅಂತ ಊರಿನ ಕಥೆ. ಅವನ ಹೆಸರೇ ಊರಿಗೆ ನಿಂತಿತು. ಆ ಗುಹೆಯ ಪಕ್ಕದಲ್ಲೇ ಮುಂದೆ 12ನೇ ಶತಮಾನದ ಹೊತ್ತಿಗೆ ಒಂದು ಚರ್ಚು ಎದ್ದಿತು. ಎದ್ದಿತು ಅನ್ನುವುದು ತಪ್ಪು, ಅದನ್ನು ಕೊರೆದರು. ಸುಣ್ಣಕಲ್ಲಿನ ಬಂಡೆಯನ್ನು ಒಳಗಿನಿಂದ ಕಡಿದು, ಸುಮಾರು 38 ಮೀಟರ್ ಉದ್ದ, 12 ಮೀಟರ್ ಎತ್ತರದ ದೇಗುಲ ಮಾಡಿದ್ದಾರೆ. ಕಂಬಗಳನ್ನು ತಂದು ನಿಲ್ಲಿಸಿದ್ದಲ್ಲ, ಬಂಡೆಯಲ್ಲೇ ಬಿಟ್ಟುಕೊಂಡಿದ್ದು. ಬಾದಾಮಿಯ ಮೇಣಬಸದಿ ನೋಡಿದವರಿಗೆ ಈ ಕೆಲಸದ ಬಗೆ ತಕ್ಷಣ ಗೊತ್ತಾಗುತ್ತದೆ.

ಆಮೇಲೆ ಅದೇ ಬಂಡೆಯ ನೆತ್ತಿಯ ಮೇಲೆ ಗಂಟೆ ಗೋಪುರ ಕಟ್ಟಿದರು. ಅದು 68 ಮೀಟರ್ ಎತ್ತರ. ಕೆಳಗೆ ಟೊಳ್ಳು, ಮೇಲೆ ಸಾವಿರಾರು ಟನ್ ಭಾರ. ಸುಣ್ಣಕಲ್ಲು ನೀರು ಹೀರಿ ಮೆತ್ತಗಾಗುತ್ತದೆ. ಹಾಗಾಗಿ ಒಳಗಿನ ಕಂಬಗಳಿಗೆ ಈಗ ಲೋಹದ ಕಟ್ಟು ಹಾಕಿ ಬಿಗಿದಿದ್ದಾರೆ. ಗೈಡ್ ಇಲ್ಲದೆ ಒಳಗೆ ಬಿಡುವುದಿಲ್ಲ. ಗೈಡ್ ಜೊತೆ ಹೋಗುವುದೇ ಒಳ್ಳೆಯದು ಬಿಡಿ, ಕತ್ತಲಲ್ಲಿ ಗೋಡೆಯ ಕೆತ್ತನೆಗಳನ್ನು ತೋರಿಸುವವರು ಬೇಕೇ ಬೇಕು.

ಈ ಟೊಳ್ಳು ಚರ್ಚಿಗೆ ಮಾತ್ರ ಸೇರಿದ್ದಲ್ಲ. ಇಡೀ ಪ್ರಸ್ಥಭೂಮಿಯ ಕೆಳಗೆ ಶತಮಾನಗಳ ಕಾಲ ಕಲ್ಲು ತೆಗೆದಿದ್ದಾರೆ. ಬೋರ್ಡೋ, ಲಿಬೋರ್ನ್ ನಗರಗಳ ಎಷ್ಟೋ ಮನೆಗಳ ಗೋಡೆಗೆ ಹೋದದ್ದು ಈ ಹಳದಿ ಕಲ್ಲು. ಉಳಿದ ಸುರಂಗಗಳಲ್ಲಿ ಈಗ ವೈನ್ ಇಡುತ್ತಾರೆ. ಬೇಸಿಗೆ, ಚಳಿಗಾಲ ಎರಡರಲ್ಲೂ ಒಂದೇ ತಂಪು. ಹಳೇ ಕೊರ್ದೆಲಿಯೆ ಮಠದ ಕೆಳಗಿನ ನೆಲಮಾಳಿಗೆಯಲ್ಲಿ ಬುರುಗು ವೈನ್ ಮಾಡುತ್ತಾರೆ. ಮೇಲಿನ ಪಾಳು ಅಂಗಳದಲ್ಲಿ ಕೂತು ಅದನ್ನು ಕುಡಿಯಬಹುದು. ಪ್ರವಾಸಿಗನಿಗೆ ಇದಕ್ಕಿಂತ ಇನ್ನೇನು ಬೇಕು? ಮನೆ ಕೊಳ್ಳುವವನಿಗೆ ಮಾತ್ರ ಇದೇ ಸುರಂಗ ಬೇರೆ ಮುಖ ತೋರಿಸುತ್ತದೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಬೋರ್ಡೋದಿಂದ ಲೋಕಲ್ ರೈಲಿನಲ್ಲಿ ಮುಕ್ಕಾಲು ಗಂಟೆಯೊಳಗೆ ತಲುಪಬಹುದು. ಸ್ಟೇಷನ್ ಊರಿನಿಂದ ದೂರದಲ್ಲಿದೆ, ದ್ರಾಕ್ಷಿ ತೋಟಗಳ ನಡುವೆ ಇಪ್ಪತ್ತು ನಿಮಿಷ ನಡೆಯಬೇಕು. ಆ ನಡಿಗೆಯನ್ನು ತಪ್ಪಿಸಿಕೊಳ್ಳಬೇಡಿ. ಪ್ಯಾರಿಸ್‌ನಿಂದ ಬೋರ್ಡೋಗೆ 2017ರ ಜುಲೈನಿಂದ ವೇಗದ ರೈಲು ಸುಮಾರು ಎರಡು ಗಂಟೆಯಲ್ಲಿ ಬರುತ್ತದೆ. ಈ ಎರಡು ಗಂಟೆಯ ರೈಲು ಇಡೀ ಸೀಮೆಯ ಮನೆ ಮಾರುಕಟ್ಟೆಯನ್ನೇ ಅಲುಗಾಡಿಸಿತು.

ಊಟದ ವಿಷಯ ಬೇಗ ಮುಗಿಸುತ್ತೇನೆ. ಬಾತುಕೋಳಿ, ದ್ರಾಕ್ಷಿ ಕಡ್ಡಿಯ ಕೆಂಡದಲ್ಲಿ ಸುಟ್ಟ ದನದ ಮಾಂಸ, ವೈನಿನಲ್ಲಿ ಬೇಯಿಸಿದ ಲ್ಯಾಂಪ್ರೆ ಮೀನು: ಇವು ಇಲ್ಲಿನ ಹೆಮ್ಮೆ. ಸಸ್ಯಾಹಾರಿಗಳಿಗೆ ಹೋಟೆಲಿಗಿಂತ ಸಂತೆಯೇ ಗತಿ. ಬಾದಾಮಿ, ಸಕ್ಕರೆ, ಮೊಟ್ಟೆಯ ಬಿಳಿಯಿಂದ ಮಾಡುವ ಮಕರೋನ್ ಬಿಸ್ಕತ್ತು ಮಾತ್ರ ತಿನ್ನಲೇಬೇಕು. 1620ರಲ್ಲಿ ಇಲ್ಲಿನ ಉರ್ಸುಲೀನ್ ಸನ್ಯಾಸಿನಿಯರು ಶುರು ಮಾಡಿದ್ದು ಅಂತ ಹೇಳುತ್ತಾರೆ. ಪ್ಯಾರಿಸ್‌ನ ಬಣ್ಣಬಣ್ಣದ ಮಕರೋನಿನ ಹಾಗಲ್ಲ ಇದು.

ಎಂಟು ಊರು, ಒಂದು ಗಡಿ

ಇಂಗ್ಲೆಂಡಿನ ದೊರೆ ಜಾನ್ 1199ರಲ್ಲಿ ಒಂದು ಸನ್ನದು ಕೊಟ್ಟ. ಆಗ ಈ ಸೀಮೆ ಇಂಗ್ಲೆಂಡಿನ ಕೈಯಲ್ಲಿತ್ತು. ಆ ಸನ್ನದಿನ ಬಲದಿಂದ ಊರಿನ ಪ್ರಮುಖರ ಕೂಟವೊಂದು ಸುತ್ತಲಿನ ಎಂಟು ಪ್ಯಾರಿಷ್‌ಗಳ, ಅಂದರೆ ಒಂದೊಂದು ಚರ್ಚಿಗೆ ಸೇರಿದ ಊರುಗಳ, ಆಡಳಿತ ನೋಡಿಕೊಂಡಿತು. ಅದರ ಹೆಸರು ಜುರಾದ್. ಫ್ರೆಂಚ್ ಕ್ರಾಂತಿಯ ಹೊತ್ತಿಗೆ ಅದು ಮುಗಿಯಿತು. 1948ರಲ್ಲಿ ವೈನ್ ಮಾಡುವವರು ಅದನ್ನು ಮತ್ತೆ ಎಬ್ಬಿಸಿದರು. ಈಗ ಸೆಪ್ಟೆಂಬರ್‌ನಲ್ಲಿ ಕೆಂಪು ನಿಲುವಂಗಿ ತೊಟ್ಟ ಜುರಾದಿನವರು ಮೆರವಣಿಗೆ ಹೊರಟು, ರಾಜನ ಗೋಪುರ ಹತ್ತಿ, ಕೊಯ್ಲು ಶುರು ಅಂತ ಸಾರುತ್ತಾರೆ. ಸ್ವಲ್ಪ ನಾಟಕ ಇದೆ, ಇಲ್ಲ ಅನ್ನಲ್ಲ. ಆದರೆ ನಾಟಕದ ಹಿಂದೆ ಒಂದು ಗಟ್ಟಿ ವಿಷಯವಿದೆ. ಆ ಹಳೇ ಎಂಟು ಊರಿನ ಗಡಿಯೇ ಇವತ್ತಿನ ಯುನೆಸ್ಕೋ ಗಡಿ.

1999ರಲ್ಲಿ ಯುನೆಸ್ಕೋ ಈ ಪ್ರದೇಶವನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು. ವಿಸ್ತಾರ 7,847 ಹೆಕ್ಟೇರ್. ಸಾಂಸ್ಕೃತಿಕ ಭೂದೃಶ್ಯ ಅಂತ ಪಟ್ಟಿ ಸೇರಿದ ಮೊದಲ ದ್ರಾಕ್ಷಿ ಸೀಮೆ ಇದೇ. ಗಮನಿಸಿ, ಗೌರವ ಸಿಕ್ಕಿದ್ದು ಚರ್ಚಿಗಷ್ಟೇ ಅಲ್ಲ, ಕೋಟೆಗಷ್ಟೇ ಅಲ್ಲ. ಬಳ್ಳಿಯ ಸಾಲು, ಕೂಲಿಗಳ ಮನೆ, ಶಾತೋ ಅನ್ನುವ ವೈನ್ ತೋಟದ ಬಂಗಲೆ, ಕಲ್ಲಿನ ಗೋಡೆ, ಎಲ್ಲಕ್ಕೂ ಸೇರಿ. ಅಂದ ಮೇಲೆ ಒಂದು ತೋಟದ ಮಧ್ಯೆ ಹೊಸ ಮನೆ ಎಬ್ಬಿಸುವುದು ಬಲು ಕಷ್ಟ. ಹಳೇ ಮನೆಯ ಕಿಟಕಿ ಬಾಗಿಲಿನ ಬಣ್ಣ ಬದಲಿಸಬೇಕಾದರೂ ಸರ್ಕಾರದ ಪರಂಪರೆ ವಾಸ್ತುಶಿಲ್ಪಿಯ ಒಪ್ಪಿಗೆ ಬೇಕಾಗಬಹುದು. ಸೋಲಾರ್ ಫಲಕ, ಈಜುಕೊಳ, ಚಾವಣಿಯ ಕಿಟಕಿ, ಒಂದೊಂದಕ್ಕೂ ಅರ್ಜಿ. ಪ್ರವಾಸಿಗ ಗೋಪುರದ ಮೇಲೆ ನಿಂತು ಎಷ್ಟು ಸೊಗಸು ಅನ್ನುತ್ತಾನಲ್ಲ, ಆ ಸೊಗಸು ಹೀಗೆ ನೂರಾರು ತಿರಸ್ಕರಿಸಿದ ಅರ್ಜಿಗಳ ಫಲವೂ ಹೌದು.

ಬಳ್ಳಿಯ ದರ್ಜೆ, ಭೂಮಿಯ ಬೆಲೆ

ಇಲ್ಲಿ ಬೆಳೆಯುವುದು ಮುಖ್ಯವಾಗಿ ಮೆರ್ಲೋ ದ್ರಾಕ್ಷಿ, ಅದರ ಜೊತೆ ಕಾಬರ್ನೆ ಫ್ರಾಂಕ್. ಬೋರ್ಡೋದ ಇನ್ನೊಂದು ದಡದಲ್ಲಿರುವ ಮೆದೋಕ್ ಸೀಮೆಯಲ್ಲಿ 1855ರಲ್ಲಿ ಮಾಡಿದ ವೈನ್ ತೋಟಗಳ ದರ್ಜೆ ಪಟ್ಟಿ ಇವತ್ತಿಗೂ ಹೆಚ್ಚುಕಮ್ಮಿ ಹಾಗೇ ಇದೆ. ಸೇಂಟ್ ಎಮಿಲಿಯೋನ್ ಬೇರೆ ದಾರಿ ಹಿಡಿಯಿತು. 1955ರಲ್ಲಿ ಪಟ್ಟಿ ಮಾಡಿ, ಸುಮಾರು ಹತ್ತು ವರ್ಷಕ್ಕೊಮ್ಮೆ ಅದನ್ನು ಮತ್ತೆ ತೂಗುವ ಪದ್ಧತಿ ಇಟ್ಟುಕೊಂಡಿತು. ಕೇಳೋಕೆ ನ್ಯಾಯವಾಗಿದೆ ಅಲ್ವಾ? ನಡೆದದ್ದು ಬೇರೆ. 2006ರ ಪಟ್ಟಿ ಕೋರ್ಟಿನಲ್ಲಿ ಬಿದ್ದುಹೋಯಿತು. 2012ರ ಪಟ್ಟಿಯೂ ಕೋರ್ಟು ಮೆಟ್ಟಿಲು ಹತ್ತಿತು. 2022ರ ಪಟ್ಟಿಗೆ ಮೊದಲೇ ಊರಿನ ಎರಡು ದೊಡ್ಡ ಹೆಸರು, ಶೆವಾಲ್ ಬ್ಲಾಂಕ್ ಮತ್ತು ಓಸೋನ್, ನಮಗೆ ಈ ಪರೀಕ್ಷೆಯೇ ಬೇಡ ಅಂತ ಹೊರನಡೆದವು. ಅವರ ತಕರಾರಿನಲ್ಲಿ ಒಂದು ಅಂಶ ನಮ್ಮ ವಿಷಯಕ್ಕೆ ತೀರಾ ಹತ್ತಿರ. ಸೋಷಿಯಲ್ ಮೀಡಿಯಾ, ಪ್ರವಾಸಿಗರಿಗೆ ಕೊಡುವ ಸತ್ಕಾರದಂಥ ಸಂಗತಿಗಳಿಗೆ ಜಾಸ್ತಿ ತೂಕ ಕೊಡುತ್ತಿದ್ದಾರೆ ಅನ್ನುವುದು. ಕೊನೆಗೆ ಇನ್ನೊಂದು ದೊಡ್ಡ ತೋಟ ಆಂಜೆಲುಸ್ ಕೂಡ ಹಿಂದೆ ಸರಿಯಿತು. 2022ರ ಪಟ್ಟಿಯಲ್ಲಿ ಒಟ್ಟು 85 ಶಾತೋಗಳು, ತುತ್ತತುದಿಯಲ್ಲಿ ಪಾವಿ ಮತ್ತು ಫಿಜಾಕ್ ಮಾತ್ರ.

ಇದರ ನಡುವೆ ಒಬ್ಬನ ಕಥೆ ಹೇಳಲೇಬೇಕು. ಜಾನ್ ಲುಕ್ ತ್ಯುನ್ವಾನ್ ಬ್ಯಾಂಕಿನಲ್ಲಿ ಕೆಲಸ ಮಾಡಿ, ಆಮೇಲೆ ಊರಲ್ಲಿ ವೈನ್ ವ್ಯಾಪಾರ ನಡೆಸುತ್ತಿದ್ದವನು. 1989ರಲ್ಲಿ ಅರ್ಧ ಹೆಕ್ಟೇರಿಗಿಂತ ಸ್ವಲ್ಪ ಜಾಸ್ತಿ ಜಾಗ ಕೊಂಡ. ಶಾತೋ ಇಲ್ಲ, ಮನೆತನ ಇಲ್ಲ. ಗ್ಯಾರೇಜಿನಂಥ ಜಾಗದಲ್ಲಿ 1991ರ ಮೊದಲ ವಲಾಂದ್ರೋ ವೈನ್ ಮಾಡಿದ, ಅದೂ ಸಾವಿರ ಚಿಲ್ಲರೆ ಬಾಟಲಿ. ಅಮೆರಿಕದ ವಿಮರ್ಶಕರು ಹೊಗಳಿದರು, ಬೆಲೆ ಆಕಾಶಕ್ಕೇರಿತು. 2012ರಲ್ಲಿ ವಲಾಂದ್ರೋ ನೇರವಾಗಿ ಮೊದಲ ದರ್ಜೆಗೆ ಸೇರಿತು. ಹೊರಗಿನಿಂದ ಬಂದವನೂ ಇಲ್ಲಿ ಗೆಲ್ಲಬಹುದು ಅನ್ನುವುದಕ್ಕೆ ಇವನನ್ನು ತೋರಿಸುತ್ತಾರೆ. ಸರಿಯೇ. ಆದರೆ ಅವನು ಕೊಂಡದ್ದು 1989ರ ಬೆಲೆಗೆ.

ಈಗಿನ ಬೆಲೆ? ಸೇಂಟ್ ಎಮಿಲಿಯೋನ್ ದ್ರಾಕ್ಷಿ ಭೂಮಿ ಈಚಿನ ವರ್ಷಗಳಲ್ಲಿ ಹೆಕ್ಟೇರಿಗೆ ಸುಮಾರು 3 ಲಕ್ಷ ಯೂರೋ ಲೆಕ್ಕದಲ್ಲಿ ಮಾರಾಟವಾಗಿದೆ. ಪ್ರಸ್ಥಭೂಮಿಯ ಒಳ್ಳೇ ತುಂಡುಗಳಿಗೆ ಇದರ ಹಲವು ಪಟ್ಟು. ಪಕ್ಕದ ಪೊಮೆರೋಲ್‌ನಲ್ಲಿ 20 ಲಕ್ಷ ಯೂರೋ ಆಸುಪಾಸು. ಇಲ್ಲಿಂದ ಅರ್ಧ ಗಂಟೆ ದೂರದಲ್ಲಿ ಸಾಮಾನ್ಯ ಬೋರ್ಡೋ ದರ್ಜೆಯ ಭೂಮಿ ಹೆಕ್ಟೇರಿಗೆ 10 ಸಾವಿರ ಯೂರೋಗೂ ಕೆಳಗಿಳಿದಿದೆ. ಯೂರೋಗೆ 100 ರೂಪಾಯಿ ಹಿಡಿದರೆ, ಹೆಕ್ಟೇರು ಎರಡೂವರೆ ಎಕರೆ ಅಂದುಕೊಂಡರೆ, ಮೊದಲನೆಯದು ಎಕರೆಗೆ 1 ಕೋಟಿ 20 ಲಕ್ಷ. ದೇವನಹಳ್ಳಿ ಸುತ್ತ ಜಮೀನು ವಿಚಾರಿಸಿದವರಿಗೆ ಇದು ದೊಡ್ಡದು ಅನ್ನಿಸುವುದೇ ಇಲ್ಲ. ಕೊನೆಯದು ಎಕರೆಗೆ 4 ಲಕ್ಷ. ಬಯಲುಸೀಮೆಯ ಒಣಭೂಮಿಯೂ ಈಗ ಆ ಬೆಲೆಗೆ ಸಿಗುವುದು ಅನುಮಾನ.

ಅಷ್ಟು ಅಗ್ಗ ಯಾಕೆ ಅಂದರೆ ಫ್ರೆಂಚರೇ ವೈನ್ ಕುಡಿಯುವುದನ್ನು ಬಿಡುತ್ತಿದ್ದಾರೆ. 1960ರ ಸುಮಾರಿಗೆ ತಲೆಗೆ ವರ್ಷಕ್ಕೆ 120 ಲೀಟರಿಗಿಂತ ಜಾಸ್ತಿ ಇದ್ದದ್ದು ಈಗ 40 ಲೀಟರ್ ಹತ್ತಿರ ಬಂದಿದೆ. ಚೀನಾದ ಖರೀದಿಯೂ ಇಳಿಯಿತು. ಒಂದು ಕಾಲಕ್ಕೆ ಚೀನೀಯರು ಬೋರ್ಡೋದಲ್ಲಿ ನೂರಕ್ಕೂ ಹೆಚ್ಚು ಶಾತೋ ಕೊಂಡಿದ್ದರು. ಒಬ್ಬ ಹಾಂಕಾಂಗ್ ಉದ್ಯಮಿ ತಾನು ಕೊಂಡ ಶಾತೋಗಳಿಗೆ ಟಿಬೆಟಿನ ಜಿಂಕೆ, ಚಿನ್ನದ ಮೊಲ ಅಂತ ಹೊಸ ಹೆಸರಿಟ್ಟಾಗ ಊರವರು ಕಣ್ಣು ಬಿಟ್ಟರು. ಆಮೇಲೆ ಅಂಥ ಎಷ್ಟೋ ಆಸ್ತಿ ಮತ್ತೆ ಮಾರಾಟಕ್ಕೆ ಬಂತು. 2023ರಲ್ಲಿ ಬೋರ್ಡೋದ ರೈತರಿಗೆ ಬಳ್ಳಿ ಕಿತ್ತುಹಾಕಲು ಹೆಕ್ಟೇರಿಗೆ 6,000 ಯೂರೋ ಕೊಡುವ ಯೋಜನೆ ಬಂತು. ಸಾವಿರಾರು ಹೆಕ್ಟೇರ್ ಬಳ್ಳಿ ಹೋಯಿತು.

ಒಂದು ಮನೆಯ ಲೆಕ್ಕ

ಈಗ ಕೊಳ್ಳುವವನ ಕಡೆ ಬರೋಣ. ಲೆಕ್ಕಕ್ಕೆ ಒಂದು ಕಲ್ಲಿನ ಮನೆ ಇಟ್ಟುಕೊಳ್ಳೋಣ. ಬೆಲೆ ಎರಡೂವರೆ ಲಕ್ಷ ಯೂರೋ, ಸುತ್ತ ಸ್ವಲ್ಪ ಜಾಗ, ಬೇಲಿಯಾಚೆ ಬಳ್ಳಿ. ಕೊಳ್ಳುವವರು ಬೆಂಗಳೂರಿನ ಗಂಡ ಹೆಂಡತಿ.

ಫ್ರಾನ್ಸಿನ ಕಡೆಯಿಂದ ತಡೆ ಇಲ್ಲ. ವಿದೇಶಿಯರು ಮನೆ ಕೊಳ್ಳಬಾರದು ಅನ್ನುವ ಕಾನೂನು ಅಲ್ಲಿಲ್ಲ. ನೋಟೇರ್ ಅನ್ನುವ ಅಧಿಕಾರಿಯ ಮುಂದೆ ಎಲ್ಲ ನಡೆಯುತ್ತದೆ. ನಮ್ಮೂರಿನ ನೋಟರಿ ಅಂತ ತಿಳಿಯಬೇಡಿ. ಅವರು ಸರ್ಕಾರ ನೇಮಿಸಿದ ಕಾನೂನು ಪಂಡಿತರು, ಹಕ್ಕುಪತ್ರ ಪರಿಶೀಲಿಸಿ ತೆರಿಗೆ ವಸೂಲಿ ಮಾಡುವುದೂ ಅವರೇ. ಮೊದಲು ಕರಾರು, ಅದರ ಜೊತೆ ಸಾಮಾನ್ಯವಾಗಿ 10 ಪರ್ಸೆಂಟ್ ಮುಂಗಡ. ಸಹಿ ಹಾಕಿದ ಮೇಲೂ ಕೊಳ್ಳುವವನಿಗೆ 10 ದಿನ ಮನಸ್ಸು ಬದಲಿಸುವ ಹಕ್ಕಿದೆ. ಈ ಹಕ್ಕು ಕೊಳ್ಳುವವನಿಗೆ ಮಾತ್ರ, ಮಾರುವವನಿಗಿಲ್ಲ. ಅಲ್ಲಿಂದ ಸುಮಾರು ಮೂರು ತಿಂಗಳಿಗೆ ನೋಂದಣಿ. ಹಳೇ ಮನೆಗೆ ತೆರಿಗೆ ಮತ್ತು ಶುಲ್ಕ ಸೇರಿ 7ರಿಂದ 8 ಪರ್ಸೆಂಟ್. ಅಂದರೆ ಇನ್ನೊಂದು 20 ಸಾವಿರ ಯೂರೋ.

ತಡೆ ಇರುವುದು ನಮ್ಮ ಕಡೆಯಿಂದ. ರಿಸರ್ವ್ ಬ್ಯಾಂಕಿನ ನಿಯಮದಂತೆ ಒಬ್ಬರು ಒಂದು ಹಣಕಾಸು ವರ್ಷದಲ್ಲಿ ಎರಡೂವರೆ ಲಕ್ಷ ಡಾಲರ್‌ವರೆಗೆ ಮಾತ್ರ ಹೊರಗೆ ಕಳಿಸಬಹುದು. ಈ ಮನೆಗೆ ಅದು ಸಾಲದು. ಗಂಡ ಹೆಂಡತಿ ಇಬ್ಬರೂ ಕಳಿಸಿದರೆ ಆಗುತ್ತದೆ. 2025ರ ಏಪ್ರಿಲ್‌ನಿಂದ ಬಂದ ನಿಯಮದ ಪ್ರಕಾರ ಒಬ್ಬೊಬ್ಬರಿಗೂ 10 ಲಕ್ಷ ರೂಪಾಯಿ ಮೀರಿದ ಮೊತ್ತದ ಮೇಲೆ ಬ್ಯಾಂಕು 20 ಪರ್ಸೆಂಟ್ ಮುಂಗಡ ತೆರಿಗೆ ಹಿಡಿಯುತ್ತದೆ. 2 ಕೋಟಿ 70 ಲಕ್ಷ ಕಳಿಸುವಾಗ ಹೀಗೆ ಸುಮಾರು 50 ಲಕ್ಷ ಸಿಕ್ಕಿಕೊಳ್ಳುತ್ತದೆ. ರಿಟರ್ನ್ ಸಲ್ಲಿಸಿದಾಗ ವಜಾ ಆಗುತ್ತದೆ ಅಥವಾ ವಾಪಸ್ ಬರುತ್ತದೆ, ಆದರೆ ಅಲ್ಲಿಯವರೆಗೆ ಆ ದುಡ್ಡು ನಿಮ್ಮ ಕೈಯಲ್ಲಿಲ್ಲ. ಪ್ರತಿ ವರ್ಷ ಐಟಿ ರಿಟರ್ನ್‌ನಲ್ಲಿ ಈ ವಿದೇಶಿ ಆಸ್ತಿಯನ್ನು ತೋರಿಸಲೇಬೇಕು. ಸುಮ್ನೆ ಬಿಟ್ಟರೆ ದಂಡ ಭಾರಿ.

ಇಷ್ಟೆಲ್ಲ ಆದ ಮೇಲೂ ಮನೆ ನಿಮ್ಮದು, ಅಲ್ಲಿರುವ ಹಕ್ಕು ನಿಮ್ಮದಲ್ಲ. ಮನೆ ಇದೆ ಅಂತ ಯಾರೂ ವಾಸದ ಪರವಾನಗಿ ಕೊಡುವುದಿಲ್ಲ. ಷೆಂಗೆನ್ ವೀಸಾದಲ್ಲಿ ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ. ಬ್ರೆಕ್ಸಿಟ್ ಆದ ಮೇಲೆ ಪಕ್ಕದ ದೋರ್ದೋನ್ಯ ಜಿಲ್ಲೆಯಲ್ಲಿ ರಜಾ ಮನೆ ಇಟ್ಟುಕೊಂಡಿದ್ದ ಬ್ರಿಟಿಷರಿಗೂ ಇದೇ ಲೆಕ್ಕದ ಬಿಸಿ ತಟ್ಟಿತು. ಏರ್‌ಬಸ್ ಕೆಲಸಕ್ಕೆ ಬೆಂಗಳೂರಿನಿಂದ ಟುಲೂಸ್‌ಗೆ ಹೋಗಿ ನೆಲೆಸಿದವರ ಮಾತು ಬೇರೆ. ಅವರಿಗೆ ಅಲ್ಲಿನ ಸಂಬಳ, ಅಲ್ಲಿನ ಬ್ಯಾಂಕ್ ಸಾಲ, ಅಲ್ಲಿನ ವಾಸದ ಕಾರ್ಡು ಇರುತ್ತದೆ. ಈ ಪ್ರಕರಣದಲ್ಲಿ ನಿಜವಾಗಿ ಕೊಳ್ಳುವ ಸ್ಥಿತಿಯಲ್ಲಿರುವ ಕನ್ನಡಿಗರು ಯಾರಾದರೂ ಇದ್ದರೆ ಅವರೇ.

ಇನ್ನು ಮನೆಯೊಳಗೆ ಹೋಗೋಣ. ಈ ಊರಿರುವ ಜಿರೋಂದ್ ಜಿಲ್ಲೆ ಪೂರ್ತಿ ಗೆದ್ದಲು ಪ್ರದೇಶ ಅಂತ ಘೋಷಣೆಯಾಗಿದೆ, ಹಾಗಾಗಿ ಗೆದ್ದಲು ತಪಾಸಣೆ ವರದಿ ಕಡ್ಡಾಯ. ಹಳೇ ಕಲ್ಲಿನ ಮನೆಗಳು ಚಳಿ ತಡೆಯುವುದರಲ್ಲಿ ಹಿಂದೆ. ಅವಕ್ಕೆ ಇಂಧನ ದರ್ಜೆಯಲ್ಲಿ ಎಷ್ಟೋ ಸಲ ತೀರಾ ಕೆಳಗಿನ ಎಫ್ ಅಥವಾ ಜಿ ಸಿಗುತ್ತದೆ. ಜಿ ದರ್ಜೆಯ ಮನೆಯನ್ನು ವಾಸಕ್ಕೆ ಹೊಸದಾಗಿ ಬಾಡಿಗೆ ಕೊಡುವಂತಿಲ್ಲ, ಇದು 2025ರ ಜನವರಿಯಿಂದ. ಹಳ್ಳಿಯ ಮನೆಗೆ ಒಳಚರಂಡಿ ಇರುವುದಿಲ್ಲ, ಗುಂಡಿ ಇರುತ್ತದೆ. ಅದು ನಿಯಮಕ್ಕೆ ಸರಿಹೊಂದದಿದ್ದರೆ ಕೊಂಡವನು ಒಂದು ವರ್ಷದೊಳಗೆ ಸರಿಪಡಿಸಬೇಕು. ಎರಡನೇ ಮನೆ ಅಂದ ಮೇಲೆ ಆಸ್ತಿ ತೆರಿಗೆಯ ಜೊತೆ ವಾಸ ತೆರಿಗೆಯೂ ಇದೆ. ಅಲ್ಲೇ ಇರುವವರಿಗೆ 2023ರಿಂದ ಅದನ್ನು ತೆಗೆದಿದ್ದಾರೆ, ಬಂದು ಹೋಗುವವರಿಗೆ ತೆಗೆದಿಲ್ಲ.

ಸುರಂಗದ ಮಾತು ಈಗ. ಪ್ರಸ್ಥಭೂಮಿಯ ಮೇಲಿನ ಮನೆಯ ಕೆಳಗೆ ಹಳೇ ಕಲ್ಲುಗಣಿ ಇರಬಹುದು. ನೆಲದ ಮೇಲಿನ ಜಾಗ ಕೊಂಡರೆ ಕೆಳಗಿನ ಟೊಳ್ಳೂ ಸಾಮಾನ್ಯವಾಗಿ ನಿಮ್ಮದೇ, ಅದರ ಜವಾಬ್ದಾರಿಯೂ ನಿಮ್ಮದೇ. ಮಾರುವವನು ಕೊಡಬೇಕಾದ ಅಪಾಯದ ಪತ್ರದಲ್ಲಿ ಕುಸಿತದ ವಿಷಯ ಇರುತ್ತದೆ. ಆ ಒಂದು ಹಾಳೆಯನ್ನು ಓದದೆ ಸಹಿ ಹಾಕುವವರು ಚರ್ಚಿನ ಕಂಬಗಳನ್ನು ಒಮ್ಮೆ ನೋಡಿಬರಲಿ.

ಮನೆ ಜೊತೆ ಸ್ವಲ್ಪ ಬಳ್ಳಿಯೂ ಬರಲಿ ಅನ್ನುವ ಆಸೆ ಎಲ್ಲರಿಗೂ. ನನ್ನ ಪ್ರಕಾರ ಇದು ಅತಿ ದುಬಾರಿ ಆಸೆ. ಕೃಷಿ ಭೂಮಿ ಮಾರಾಟಕ್ಕೆ ಬಂದಾಗ ಸಫೇರ್ ಅನ್ನುವ ಸಂಸ್ಥೆಗೆ ತಿಳಿಸಬೇಕು. ರೈತನಿಗೆ ಸೇರಬೇಕಾದ ಭೂಮಿ ಅಂತ ಅದಕ್ಕನ್ನಿಸಿದರೆ ಎರಡು ತಿಂಗಳೊಳಗೆ ತಾನೇ ಕೊಂಡುಬಿಡಬಹುದು. ಭೂಮಿಯಲ್ಲಿ ಗೇಣಿದಾರ ಇದ್ದರೆ ಅವನನ್ನು ಎಬ್ಬಿಸುವುದು ಸುಲಭ ಅಲ್ಲ, ಗೇಣಿ ಕನಿಷ್ಠ ಒಂಬತ್ತು ವರ್ಷ. ಸಾಲದ್ದಕ್ಕೆ ಬಳ್ಳಿಯನ್ನು ಹಾಗೇ ಪಾಳು ಬಿಡುವಂತಿಲ್ಲ. ಫ್ಲಾವೆಸೆನ್ಸ್ ದೋರೇ ಅನ್ನುವ ಬಳ್ಳಿ ರೋಗ ಹರಡುತ್ತದೆ ಅಂತ ಕಿತ್ತುಹಾಕಲು ನೋಟಿಸ್ ಬರುತ್ತದೆ. ರೋಗದ ಔಷಧಿಯ ಸಿಂಪಡಣೆಯೂ ಇದೆ. ಮನೆಗೂ ಸಿಂಪಡಣೆಗೂ ನಡುವೆ ಕೆಲವು ಮೀಟರ್ ಅಂತರ ಬಿಡಬೇಕು ಅಂತ 2020ರಿಂದ ನಿಯಮ ಬಂದಿದೆ. ಕಿಟಕಿಯಿಂದ ಕೈ ಚಾಚಿದರೆ ದ್ರಾಕ್ಷಿ ಅನ್ನುವ ಜಾಹೀರಾತು ಓದುವಾಗ ಈ ಅಂತರ ನೆನಪಿರಲಿ.

ಹನ್ನೆರಡು ಕಿಲೋಮೀಟರ್ ಆಚೆ

ಹಾಗಾದರೆ ಎಲ್ಲಿ? ನಾನು ನಕ್ಷೆಯಲ್ಲಿ ಬೆರಳಿಡುವುದು ಎರಡು ಕಡೆ. ಒಂದು ಲಿಬೋರ್ನ್, ಇನ್ನೊಂದು ಕಾಸ್ಟಿಯೋನ್ ಲಾ ಬತಾಯ್.

ಲಿಬೋರ್ನ್ ನಗರ 1270ರ ಸುಮಾರಿಗೆ ಇಂಗ್ಲಿಷರು ಕಟ್ಟಿದ ನದಿ ಬಂದರು. ಚೌಕದ ಸುತ್ತ ಕಮಾನು, ವಾರದಲ್ಲಿ ಮೂರು ದಿನ ಸಂತೆ, ಆಸ್ಪತ್ರೆ, ಶಾಲೆ, ಪ್ಯಾರಿಸ್‌ಗೆ ನೇರ ರೈಲು. ಫ್ರಾನ್ಸಿನ ಮಕ್ಕಳು ಕ್ರಿಸ್‌ಮಸ್ ತಾತನಿಗೆ ಬರೆಯುವ ಕಾಗದಗಳಿಗೆ ಅಂಚೆ ಇಲಾಖೆ ಉತ್ತರ ಬರೆಯುವುದೂ ಈ ಊರಿನಿಂದಲೇ, ಇದು ಸುಮ್ನೆ ಹೇಳಿದೆ. ಫೋಟೋಗೆ ಸೇಂಟ್ ಎಮಿಲಿಯೋನ್ ಮುಂದೆ ಏನೂ ಅಲ್ಲ. ಆದರೆ ಫೆಬ್ರವರಿಯಲ್ಲಿ ಹಲ್ಲು ನೋವು ಬಂದರೆ ಡಾಕ್ಟರು ಸಿಗುವುದು ಇಲ್ಲಿ.

ಕಾಸ್ಟಿಯೋನ್ ಸೇಂಟ್ ಎಮಿಲಿಯೋನ್‌ನಿಂದ ಪೂರ್ವಕ್ಕೆ ಸುಮಾರು 12 ಕಿಲೋಮೀಟರ್. 1453ರ ಜುಲೈ 17ರಂದು ಇಲ್ಲಿ ನಡೆದ ಯುದ್ಧದಲ್ಲಿ ಇಂಗ್ಲಿಷರು ಸೋತು ನೂರು ವರ್ಷದ ಯುದ್ಧ ಮುಗಿಯಿತು. ಬೇಸಿಗೆಯಲ್ಲಿ ಊರವರೇ ನೂರಾರು ಜನ ಸೇರಿ ಅದನ್ನು ಬಯಲಿನಲ್ಲಿ ಆಡಿ ತೋರಿಸುತ್ತಾರೆ. ಸೋಮವಾರ ಸಂತೆ. ಕೆಳಗೆ ಅದೇ ಸುಣ್ಣಕಲ್ಲು, ಮೇಲೆ ಅದೇ ಮೆರ್ಲೋ. ಸೇಂಟ್ ಎಮಿಲಿಯೋನ್‌ನ ದೊಡ್ಡ ತೋಟದವರು ಕೆಲವರು ಇಲ್ಲಿ ಬಂದು ಭೂಮಿ ಕೊಂಡು ಒಳ್ಳೇ ವೈನ್ ಮಾಡುತ್ತಿದ್ದಾರೆ. ಬಾಟಲಿ ಬೆಲೆ ಮಾತ್ರ ಮೂರನೇ ಒಂದು ಪಾಲು, ಕೆಲವು ಸಲ ಇನ್ನೂ ಕಮ್ಮಿ. ಊರು ಸ್ವಲ್ಪ ಬಡವಾಗಿದೆ, ಖಾಲಿ ಅಂಗಡಿಗಳಿವೆ. ಹೊಳಪು ಇಲ್ಲ. ಅದಕ್ಕೇ ಮನೆ ಬೆಲೆ ಕೈಗೆಟುಕುತ್ತದೆ.

ಇಲ್ಲೂ ಒಂದು ಕೊಕ್ಕೆ ಇದೆ. ಯುನೆಸ್ಕೋ ಗಡಿಯೊಳಗೆ ಬಳ್ಳಿಯ ನೋಟಕ್ಕೆ ಕಾನೂನಿನ ಕಾವಲಿದೆ, ಜೊತೆಗೆ ಬೆಲೆಯ ಕಾವಲೂ ಇದೆ. ಗಡಿಯ ಹೊರಗೆ ಎರಡೂ ಇಲ್ಲ. ಬೇಲಿಯಾಚೆಯ ರೈತ ಸಾಲ ತೀರಿಸಲಾಗದೆ ಬಳ್ಳಿ ಕಿತ್ತರೆ ಆ ಜಾಗ ಹುಲ್ಲಾಗಬಹುದು, ಸೂರ್ಯಕಾಂತಿಯಾಗಬಹುದು, ಸುಮ್ಮನೆ ಪೊದೆ ಬೆಳೆಯಬಹುದು. ಹಾಗಾಗಿ ಕರಾರಿಗೆ ಸಹಿ ಹಾಕುವ ಮೊದಲು ಊರಿನ ಮೇಯರ್ ಕಚೇರಿಗೆ ಹೋಗಿ ಎರಡು ವಿಷಯ ಕೇಳಬೇಕು. ಪಕ್ಕದ ತುಂಡು ಯಾರದ್ದು? ಅವರು ಬಳ್ಳಿ ಕೀಳುವ ಯೋಜನೆಗೆ ಅರ್ಜಿ ಹಾಕಿದ್ದಾರಾ? ಅಧಿಕೃತ ಉತ್ತರ ಸಿಗುತ್ತದೋ ಇಲ್ಲವೋ, ಸಣ್ಣ ಊರಲ್ಲಿ ಇಂಥ ಸುದ್ದಿ ಸೋಮವಾರದ ಸಂತೆಯಲ್ಲಿ ಖಂಡಿತ ಸಿಗುತ್ತದೆ.